ಪದಕವಿಲ್ಲದ ಒಲಿಂಪಿಯನ್: ರಾಣಿ ರಾಂಪಾಲ್ ಅವರ ಹಾಕಿ ಬದುಕನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ಕೊಡಗು. 11 ವರ್ಷದ ಮಗಳು ಶಾಲಾ ತಂಡದಲ್ಲಿ ಹಾಕಿ ಆಡುತ್ತಾಳೆ. ದೊಡ್ಡವಳಾದ ಮೇಲೆ ರಾಣಿ ರಾಂಪಾಲ್ ಅವರಂತೆ ಆಗಬೇಕು ಎನ್ನುತ್ತಾಳೆ. ಆದರೆ ರಾಣಿ ಎರಡು ಒಲಿಂಪಿಕ್ಸ್ ಆಡಿಯೂ ಪದಕ ಗೆಲ್ಲಲಿಲ್ಲ. 27 ತುಂಬುವ ಹೊತ್ತಿಗೆ ಗಾಯಗೊಂಡು ತಂಡದಿಂದ ಹೊರಗುಳಿದರು. ಹಾಗಿದ್ದೂ ಅವರನ್ನು ಭಾರತದ ಶ್ರೇಷ್ಠ ಆಟಗಾರ್ತಿ ಎನ್ನುವುದೇಕೆ? ಅಷ್ಟು ಚಿಕ್ಕ ವಯಸ್ಸಿನಲ್ಲಿ ಶುರುಮಾಡಿದ್ದೇ ಅವರಿಗೆ ಮುಳುವಾಯಿತೆ? ಹಾಕಿಯನ್ನು ನಂಬಿ ಹೆಣ್ಣುಮಗಳೊಬ್ಬಳು ಬದುಕು ಕಟ್ಟಿಕೊಳ್ಳಬಹುದೆ?

ಉತ್ತರ: ಪದಕವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ರಾಣಿ ಅವರ ಒಲಿಂಪಿಕ್ಸ್ ದಾಖಲೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ: 2016ರ ರಿಯೊದಲ್ಲಿ ಹನ್ನೆರಡು ತಂಡಗಳ ಪೈಕಿ ಕೊನೆಯ ಸ್ಥಾನ, 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ನಾಲ್ಕನೇ ಸ್ಥಾನ. ಆದರೆ ಭಾರತದ ಮಹಿಳಾ ಹಾಕಿಯ ಮಟ್ಟಿಗೆ ಒಲಿಂಪಿಕ್ಸ್‌ನ ನಿಜವಾದ ಹೋರಾಟ ಬಹುಕಾಲ ಅರ್ಹತಾ ಸುತ್ತಿನಲ್ಲೇ ಮುಗಿದುಹೋಗುತ್ತಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಮಹಿಳಾ ಹಾಕಿ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರ್ಪಡೆಯಾದ 1980ರ ಮಾಸ್ಕೊ ಕೂಟದಲ್ಲಿ ರೂಪಾ ಸೈನಿ ನಾಯಕತ್ವದ ಭಾರತ ತಂಡ ಆಡಿ ನಾಲ್ಕನೆಯದಾಗಿತ್ತು. ಅಲ್ಲಿ ಇದ್ದದ್ದೇ ಆರು ತಂಡಗಳು. ಅದಾದ ಮೇಲೆ 36 ವರ್ಷ ಭಾರತದ ಮಹಿಳೆಯರು ಒಲಿಂಪಿಕ್ಸ್ ಮೈದಾನಕ್ಕೆ ಇಳಿಯಲೇ ಇಲ್ಲ. ಈ ಅಂತರವನ್ನು ಮುಚ್ಚಲು ನಡೆದ ಪ್ರಯತ್ನಗಳ ಜೊತೆಗೇ ರಾಣಿ ಅವರ ಆಟದ ಬದುಕು ಬೆಳೆದಿದೆ. ಆದ್ದರಿಂದ ಅವರನ್ನು ಪದಕಗಳ ಪಟ್ಟಿಯಿಂದ ಅಳೆಯುವುದಕ್ಕಿಂತ, ಅವರು ಬಂದಾಗ ತಂಡ ಎಲ್ಲಿತ್ತು, ಅವರು ಬಿಡುವಾಗ ಎಲ್ಲಿತ್ತು ಎಂಬುದರಿಂದ ಅಳೆಯುವುದೇ ಸರಿ ಎಂದು ನಾನು ಭಾವಿಸುತ್ತೇನೆ.

ಅವರು ಹುಟ್ಟಿದ್ದು 1994ರ ಡಿಸೆಂಬರ್ 4ರಂದು, ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಶಾಹಬಾದ್ ಮಾರ್ಕಂಡದಲ್ಲಿ. ತಂದೆ ಗಾಡಿ ಎಳೆದು ದಿನಕ್ಕೆ 80 ರೂಪಾಯಿ ದುಡಿಯುತ್ತಿದ್ದರು. ತಾಯಿ ಬೇರೆಯವರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಆ ಪುಟ್ಟ ಊರಿನಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಬಲದೇವ್ ಸಿಂಗ್ ಅವರ ಹಾಕಿ ಅಕಾಡೆಮಿ ಇದ್ದದ್ದು ರಾಣಿ ಅವರ ಭಾಗ್ಯ. ಮೊದಲು ಕೋಚ್ ಅವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ತರಬೇತಿಯ ಹೊರೆ ತಾಳುವಷ್ಟು ಮೈಯಲ್ಲಿ ಕಸುವಿಲ್ಲ ಎಂಬುದು ಅವರ ಮಾತಾಗಿತ್ತು. ಬಾಲಕಿ ಮುರಿದ ಸ್ಟಿಕ್ಕೊಂದನ್ನು ಹಿಡಿದು, ಸಲ್ವಾರ್ ಕಮೀಜಿನಲ್ಲೇ ಓಡಾಡಿ, ಮೈದಾನದ ಅಂಚಿನಲ್ಲಿ ಅಭ್ಯಾಸ ಮಾಡಿ ಕೊನೆಗೆ ಅವಕಾಶ ಗಿಟ್ಟಿಸಿಕೊಂಡಳು. ಅಕಾಡೆಮಿಯಲ್ಲಿ ಪ್ರತಿ ಆಟಗಾರ್ತಿಯೂ ದಿನಕ್ಕೆ ಅರ್ಧ ಲೀಟರ್ ಹಾಲು ತರಬೇಕೆಂಬ ನಿಯಮವಿತ್ತು. ಮನೆಯವರ ಕೈಗೆ ಎಟುಕುತ್ತಿದ್ದುದು 200 ಮಿಲಿಲೀಟರ್ ಮಾತ್ರ. ಯಾರಿಗೂ ತಿಳಿಯದ ಹಾಗೆ ಅದಕ್ಕೆ ನೀರು ಬೆರೆಸಿ ಕುಡಿಯುತ್ತಿದ್ದೆ ಎಂದು ರಾಣಿ ಮುಂದೆ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಗಡಿಯಾರವೂ ಇರಲಿಲ್ಲ. ಬೆಳಗಿನ ಅಭ್ಯಾಸಕ್ಕೆ ತಡವಾಗಬಾರದೆಂದು ತಾಯಿ ಆಕಾಶ ನೋಡಿ ಹೊತ್ತನ್ನು ಅಂದಾಜು ಮಾಡಿ ಮಗಳನ್ನು ಎಬ್ಬಿಸುತ್ತಿದ್ದರು.

ಬಡತನದ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲೇ ಇರುವ ಇನ್ನೊಂದು ಸಂಗತಿಯನ್ನು ಹೇಳುವುದು ಕಡಿಮೆ. ಟೋಕಿಯೊದಲ್ಲಿ ಆಡಿದ ಭಾರತದ 16 ಆಟಗಾರ್ತಿಯರಲ್ಲಿ ಒಂಬತ್ತು ಮಂದಿ ಹರಿಯಾಣದವರು. ಅವರಲ್ಲಿ ರಾಣಿ, ನವಜೋತ್ ಕೌರ್ ಮತ್ತು ನವನೀತ್ ಕೌರ್ ಮೂವರೂ ಶಾಹಬಾದಿನಿಂದಲೇ ಬಂದವರು. ಒಂದೇ ಊರು ಇಷ್ಟು ಮಂದಿಯನ್ನು ಕೊಡುವುದು ಒಬ್ಬೊಬ್ಬರ ಛಲದಿಂದ ಮಾತ್ರ ಆಗುವ ಕೆಲಸವಲ್ಲ. ಕಟ್ಟುನಿಟ್ಟಿನ ಕೋಚ್, ದಿನವೂ ತಪ್ಪದ ಅಭ್ಯಾಸ, ತಮಗಿಂತ ಮೂರು ನಾಲ್ಕು ವರ್ಷ ದೊಡ್ಡವರು ಭಾರತದ ಜೆರ್ಸಿ ತೊಟ್ಟು ಊರಿಗೆ ಮರಳುವುದನ್ನು ಕಣ್ಣಾರೆ ನೋಡುತ್ತ ಬೆಳೆಯುವ ಕಿರಿಯರು: ಇವೆಲ್ಲ ಸೇರಿದಾಗ ಮಾತ್ರ ಒಂದು ಊರು ಹಾಕಿಯ ಊರಾಗುತ್ತದೆ. ನಿಮ್ಮ ಕೊಡಗಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಿಂದ ಹಿಡಿದು ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅವರವರೆಗೆ ಪುರುಷರ ತಂಡಕ್ಕೆ ಆಟಗಾರರನ್ನು ಕೊಟ್ಟ ನೆಲ ಅದು. ಆದರೂ ಟೋಕಿಯೊದ ಆ ಹದಿನಾರರಲ್ಲಿ ಕರ್ನಾಟಕದ ಒಬ್ಬ ಹೆಣ್ಣುಮಗಳೂ ಇರಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ವಿಷಯ.

ರಾಣಿ ಹಿರಿಯರ ತಂಡಕ್ಕೆ ಬಂದದ್ದು 2008ರಲ್ಲಿ, 14ನೇ ವರ್ಷ ನಡೆಯುತ್ತಿದ್ದಾಗ. ರಷ್ಯಾದ ಕಜಾನ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಅರ್ಹತಾ ಟೂರ್ನಿ. ಭಾರತಕ್ಕೆ ಟಿಕೆಟ್ ಸಿಗಲಿಲ್ಲ. ಮರುವರ್ಷ ಅದೇ ಕಜಾನ್‌ನಲ್ಲಿ ನಡೆದ ಚಾಂಪಿಯನ್ಸ್ ಚಾಲೆಂಜ್ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಕೀರ್ತಿ ಅವರದಾಯಿತು. 2010ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ವಿಶ್ವಕಪ್ ಆಡಿದಾಗ ಅವರಿಗೆ 15 ವರ್ಷ. ಏಳು ಗೋಲು ಗಳಿಸಿ ಟೂರ್ನಿಯ ಶ್ರೇಷ್ಠ ಯುವ ಆಟಗಾರ್ತಿ ಎನಿಸಿಕೊಂಡರು. ಆದರೆ ತಂಡ ಒಂಬತ್ತನೇ ಸ್ಥಾನದಲ್ಲಿ ಉಳಿಯಿತು. 2012ರಲ್ಲಿ ದೆಹಲಿಯಲ್ಲೇ ನಡೆದ ಲಂಡನ್ ಅರ್ಹತಾ ಟೂರ್ನಿಯ ಫೈನಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾಕ್ಕೆ 1–3ರಿಂದ ಮಣಿಯಿತು. ಒಬ್ಬ ಆಟಗಾರ್ತಿ ಎಷ್ಟೇ ಮಿಂಚಿದರೂ ಹನ್ನೊಂದು ಮಂದಿಯ ಆಟದಲ್ಲಿ ಅದಕ್ಕೆ ಮಿತಿ ಇದೆ ಎಂಬುದು ಈ ನಾಲ್ಕು ವರ್ಷಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಚಿತ್ರ ಬದಲಾಗತೊಡಗಿದ್ದು 2013ರಲ್ಲಿ. ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಕ್‌ನಲ್ಲಿ ನಡೆದ ಜೂನಿಯರ್ ವಿಶ್ವಕಪ್‌ನಲ್ಲಿ ಭಾರತದ ಬಾಲೆಯರು ಇಂಗ್ಲೆಂಡ್ ತಂಡವನ್ನು ಶೂಟೌಟ್‌ನಲ್ಲಿ ಸೋಲಿಸಿ ಕಂಚು ಗೆದ್ದರು. ರಾಣಿ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿದರು. 2014ರ ಇಂಚೆನ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು, 2015ರ ವಿಶ್ವ ಹಾಕಿ ಲೀಗ್ ಸೆಮಿಫೈನಲ್ ಟೂರ್ನಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಜಪಾನ್ ತಂಡವನ್ನು ಮಣಿಸಿ ಐದನೇ ಸ್ಥಾನ, ಅದರ ಬಲದಿಂದ ರಿಯೊ ಪ್ರವೇಶ. ರಿಯೊದಲ್ಲಿ ಜಪಾನ್ ವಿರುದ್ಧ ಎರಡು ಗೋಲು ಹಿಂದಿದ್ದಾಗ ರಾಣಿ ಒಂದು ಗೋಲು, ಲಿಲಿಮಾ ಮಿಂಜ್ ಇನ್ನೊಂದು ಗೋಲು ಗಳಿಸಿ ಪಂದ್ಯವನ್ನು ಸಮ ಮಾಡಿದರು. ಅಲ್ಲಿಗೆ ಸಂಭ್ರಮ ಮುಗಿಯಿತು. ಆಮೇಲಿನ ನಾಲ್ಕೂ ಪಂದ್ಯಗಳಲ್ಲಿ ಸೋಲು. ಒಟ್ಟು ಐದು ಪಂದ್ಯಗಳಲ್ಲಿ ಗಳಿಸಿದ್ದು ಮೂರು ಗೋಲು, ಬಿಟ್ಟುಕೊಟ್ಟದ್ದು ಹತ್ತೊಂಬತ್ತು. ಆಸ್ಟ್ರೇಲಿಯಾ ಒಂದೇ ಪಂದ್ಯದಲ್ಲಿ ಆರು ಗೋಲು ಹೊಡೆದಿತ್ತು. ಈ ಅಂಕಿಯನ್ನು ನೆನಪಿಡಿ, ಟೋಕಿಯೊದ ವಿಷಯ ಬಂದಾಗ ಬೇಕಾಗುತ್ತದೆ.

ನನ್ನ ದೃಷ್ಟಿಯಲ್ಲಿ ರಾಣಿ ದೊಡ್ಡ ಆಟಗಾರ್ತಿಯಾದದ್ದು ರಿಯೊದ ನಂತರ, ಅದೂ ಗೋಲು ಗಳಿಕೆ ಅವರ ಮುಖ್ಯ ಕೆಲಸವಾಗಿ ಉಳಿಯದ ಕಾಲದಲ್ಲಿ. ಹದಿಹರೆಯದ ರಾಣಿ ಎದುರಾಳಿಯ ವೃತ್ತದೊಳಗೆ (ಗೋಲಿನ ಮುಂದಿನ, ಗೋಲು ಹೊಡೆಯಬಹುದಾದ ಆವರಣದಲ್ಲಿ) ಕಾದು ನಿಂತು, ಬಂದ ಚೆಂಡನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಲೆಗೆ ತಳ್ಳುವ ಫಾರ್ವರ್ಡ್. ನಾಯಕಿಯಾದ ರಾಣಿ ಸಾಕಷ್ಟು ಹಿಂದೆ ಸರಿದು, ಮಿಡ್‌ಫೀಲ್ಡ್ ಮತ್ತು ಮುಂಚೂಣಿಯ ನಡುವಿನ ಜಾಗದಲ್ಲಿ ಚೆಂಡು ಪಡೆದು, ಒಂದು ತಿರುವಿನಲ್ಲಿ ಎದುರಾಳಿಯನ್ನು ದಾಟಿ, ವಂದನಾ ಕಟಾರಿಯಾ ಅಥವಾ ಲಾಲ್‌ರೆಮ್ಸಿಯಾಮಿ ಓಡುವ ದಾರಿಗೆ ಚೆಂಡನ್ನು ಬಿಡುವ ಆಟಗಾರ್ತಿ. ಹೊರಗಿನಿಂದ ನೋಡುವವರಿಗೆ ಈ ಬದಲಾವಣೆ ಸಣ್ಣದೆನಿಸಬಹುದು. ಆದರೆ ಗೋಲಿನಿಂದಲೇ ಹೆಸರು ಮಾಡಿದ ಆಟಗಾರ್ತಿಯೊಬ್ಬಳು ಗೋಲಿಗೆ ಬೆನ್ನು ತಿರುಗಿಸಿ ನಿಂತು ಚೆಂಡು ಪಡೆಯುವ ಕೆಲಸವನ್ನು ಒಪ್ಪಿಕೊಳ್ಳಬೇಕಾದರೆ, ಮರುದಿನದ ಪತ್ರಿಕೆಯಲ್ಲಿ ತನ್ನ ಹೆಸರು ಬಾರದಿದ್ದರೂ ಸರಿ ಎಂಬ ಮನಸ್ಸು ಬೇಕು. ಟೋಕಿಯೊದಲ್ಲಿ ಗುರ್ಜಿತ್ ಕೌರ್ ನಾಲ್ಕು, ವಂದನಾ ನಾಲ್ಕು ಗೋಲು ಗಳಿಸಿದರು. ನಾಯಕಿ ಗಳಿಸಿದ್ದು ಒಂದು. ಅವರ ಬದುಕಿನ ಅತ್ಯುತ್ತಮ ಟೂರ್ನಿ ಅದೇ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಗೋಲು ಬೇಕೇ ಬೇಕು ಎನ್ನುವ ಗಳಿಗೆಯಲ್ಲಿ ಮಾತ್ರ ಅವರು ತಮ್ಮ ಹಳೆಯ ಕೆಲಸಕ್ಕೆ ಮರಳುತ್ತಿದ್ದರು. 2017ರಲ್ಲಿ ಜಪಾನಿನಲ್ಲಿ ನಡೆದ ಏಷ್ಯಾ ಕಪ್ ಫೈನಲ್ ಚೀನಾ ವಿರುದ್ಧ 1–1ರಲ್ಲಿ ಸಮವಾಗಿ ಶೂಟೌಟ್‌ಗೆ ಹೋಯಿತು. ಶೂಟೌಟ್ ಎಂದರೆ 23 ಮೀಟರ್ ಗೆರೆಯಿಂದ ಹೊರಟ ಆಟಗಾರ್ತಿ ಗೋಲ್‌ಕೀಪರ್ ಒಬ್ಬಳನ್ನೇ ಎದುರಿಸಿ ಎಂಟು ಸೆಕೆಂಡುಗಳಲ್ಲಿ ಗೋಲು ಗಳಿಸಬೇಕು. ಅಲ್ಲೂ ಸಮವಾಗಿ, ಒಂದು ತಂಡ ಗಳಿಸಿ ಇನ್ನೊಂದು ತಪ್ಪಿದೊಡನೆ ಪಂದ್ಯ ಮುಗಿಯುವ ಸಡನ್ ಡೆತ್ ಹಂತ ಬಂದಾಗ ನಿರ್ಣಾಯಕ ಗೋಲು ರಾಣಿ ಅವರದು. ಭಾರತದ ಗೋಲ್‌ಕೀಪರ್ ಸವಿತಾ ಪೂನಿಯಾ ಎದುರಾಳಿಯ ಯತ್ನವನ್ನು ತಡೆದು 5–4ರ ಗೆಲುವನ್ನು ಖಚಿತಪಡಿಸಿದರು. ಮರುವರ್ಷ ಲಂಡನ್ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡ್ ಎದುರು ಶೂಟೌಟ್ ಸೋಲು, ಜಕಾರ್ತ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಜಪಾನ್ ಎದುರು 1–2ರ ಸೋಲು. ಆ ಬೆಳ್ಳಿ ಪದಕದ ಬೆಲೆ ಏನೆಂದರೆ, ಟೋಕಿಯೊಗೆ ನೇರ ಪ್ರವೇಶ ಕೈತಪ್ಪಿತು. ಇನ್ನೊಮ್ಮೆ ಅರ್ಹತಾ ಸುತ್ತು ಆಡಬೇಕಾಯಿತು.

ಆ ಸುತ್ತು ನಡೆದದ್ದು 2019ರ ನವೆಂಬರ್ 1 ಮತ್ತು 2ರಂದು, ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ, ಅಮೆರಿಕದ ವಿರುದ್ಧ. ಎರಡು ಪಂದ್ಯಗಳ ಒಟ್ಟು ಗೋಲು ಯಾರಿಗೆ ಹೆಚ್ಚೋ ಅವರು ಟೋಕಿಯೊಗೆ. ಮೊದಲ ಪಂದ್ಯವನ್ನು ಭಾರತ 5–1ರಿಂದ ಗೆದ್ದಾಗ ಕೆಲಸ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಎರಡನೇ ಪಂದ್ಯದ ಅರ್ಧ ಸಮಯಕ್ಕೆ ಅಮೆರಿಕ 4–0 ಮುಂದಿತ್ತು. ಎಂದರೆ ಒಟ್ಟು ಗೋಲು 5–5. ಹಿಂದಿನ ಸಂಜೆ ಕೈಗೆ ಬಂದಿದ್ದ ಒಲಿಂಪಿಕ್ಸ್ ಮೂವತ್ತೇ ನಿಮಿಷಗಳಲ್ಲಿ ಜಾರಿಹೋಗುತ್ತಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಭಾರತ ಆಟವನ್ನು ಹಿಡಿತಕ್ಕೆ ತಂದುಕೊಂಡಿತಾದರೂ ಗೋಲು ಬರಲಿಲ್ಲ. 48ನೇ ನಿಮಿಷದಲ್ಲಿ, ವೃತ್ತದೊಳಗೆ ಸಿಕ್ಕ ಚೆಂಡನ್ನು ರಾಣಿ ಒಂದೇ ಬಿರುಸಿನ ಹೊಡೆತದಲ್ಲಿ ಗೋಲ್‌ಕೀಪರ್‌ನ ಆಚೆ ಕಳಿಸಿದರು. ಪಂದ್ಯ 1–4ರ ಸೋಲಾಗಿಯೇ ಮುಗಿಯಿತು, ಆದರೆ ಒಟ್ಟು ಲೆಕ್ಕ 6–5. ಭಾರತ ಟೋಕಿಯೊ ತಲುಪಿತ್ತು. ಸೋತ ಪಂದ್ಯದಲ್ಲಿ ಗಳಿಸಿದ ಆ ಒಂದು ಗೋಲು ಇಲ್ಲದಿದ್ದರೆ ನಿಮ್ಮ ಮಗಳು ಬಹುಶಃ ರಾಣಿ ಅವರ ಹೆಸರನ್ನೇ ಕೇಳುತ್ತಿರಲಿಲ್ಲ.

ಟೋಕಿಯೊಗೆ ಮುನ್ನಿನ ದಿನಗಳು ಬೆಂಗಳೂರಿಗೆ ಸೇರಿದವು. 2020ರ ಲಾಕ್‌ಡೌನ್ ಉದ್ದಕ್ಕೂ ತಂಡ ಇಲ್ಲಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲೇ ಉಳಿದಿತ್ತು. ಹೊರಗೆ ವಲಸೆ ಕಾರ್ಮಿಕರು ಪಡುತ್ತಿದ್ದ ಪಾಡನ್ನು ಕಂಡು ಆಟಗಾರ್ತಿಯರೆಲ್ಲ ಸೇರಿ ಫಿಟ್‌ನೆಸ್ ಸವಾಲಿನ ಮೂಲಕ ಸುಮಾರು 20 ಲಕ್ಷ ರೂಪಾಯಿ ಸಂಗ್ರಹಿಸಿ ಕೊಟ್ಟರು. ಬಡತನವನ್ನು ಉಂಡು ಬೆಳೆದ ತಂಡ ಅದು. ಅವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ರಾಣಿ ಸೇರಿದಂತೆ ಏಳು ಆಟಗಾರ್ತಿಯರಿಗೆ ಇದೇ ಶಿಬಿರದಲ್ಲಿ ಕೋವಿಡ್ ತಗುಲಿತು. ಒಲಿಂಪಿಕ್ಸ್‌ನ ಮೊದಲ ಪಂದ್ಯಕ್ಕೆ ಮೂರು ತಿಂಗಳೂ ಇರಲಿಲ್ಲ.

ಆ ಮೊದಲ ಪಂದ್ಯದಲ್ಲಿ ಬಲಿಷ್ಠ ನೆದರ್ಲೆಂಡ್ಸ್ ವಿರುದ್ಧ 10ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದದ್ದು ರಾಣಿ. ಅರ್ಧ ಸಮಯಕ್ಕೆ 1–1 ಇದ್ದ ಪಂದ್ಯ ಕೊನೆಗೆ 1–5 ಆಯಿತು. ಜರ್ಮನಿ ಎದುರು 0–2, ಗ್ರೇಟ್ ಬ್ರಿಟನ್ ಎದುರು 1–4. ಮೂರು ಪಂದ್ಯ, ಮೂರು ಸೋಲು. ರಿಯೊ ಮರುಕಳಿಸುತ್ತಿದೆ ಎಂದು ಬರೆದವರು ಹಲವರು. ಆಗ ಕೋಚ್ ಶೋರ್ಡ್ ಮರೈನೆ ಮತ್ತು ನಾಯಕಿ ತಂಡವನ್ನು ಹೇಗೆ ಎತ್ತಿ ನಿಲ್ಲಿಸಿದರೆಂಬುದಕ್ಕೆ ಮುಂದಿನ ಫಲಿತಾಂಶಗಳೇ ಸಾಕ್ಷಿ. ಐರ್ಲೆಂಡ್ ವಿರುದ್ಧ 57ನೇ ನಿಮಿಷದಲ್ಲಿ ನವನೀತ್ ಹೊಡೆದ ಏಕೈಕ ಗೋಲಿನ ಗೆಲುವು. ದಕ್ಷಿಣ ಆಫ್ರಿಕಾ ವಿರುದ್ಧ ವಂದನಾ ಹ್ಯಾಟ್ರಿಕ್ ಸಾಧಿಸಿ ಒಲಿಂಪಿಕ್ಸ್‌ನಲ್ಲಿ ಹಾಗೆ ಮಾಡಿದ ಮೊದಲ ಭಾರತೀಯ ಮಹಿಳೆಯಾದ 4–3ರ ಗೆಲುವು. ಆಗಸ್ಟ್ 2ರಂದು ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದದ್ದು ಲೀಗ್ ಹಂತದ ಐದೂ ಪಂದ್ಯ ಗೆದ್ದು ಬಂದಿದ್ದ ಆಸ್ಟ್ರೇಲಿಯಾ, ರಿಯೊದಲ್ಲಿ ಆರು ಗೋಲು ಹೊಡೆದ ಅದೇ ಆಸ್ಟ್ರೇಲಿಯಾ. 22ನೇ ನಿಮಿಷದಲ್ಲಿ ಗುರ್ಜಿತ್ ಪೆನಾಲ್ಟಿ ಕಾರ್ನರ್‌ನಿಂದ ಗೋಲು ಗಳಿಸಿದರು. ಉಳಿದ 38 ನಿಮಿಷ ಸವಿತಾ ಮತ್ತು ರಕ್ಷಣಾ ವಿಭಾಗ ಆ ಒಂದು ಗೋಲನ್ನು ಕಾಯ್ದುಕೊಂಡವು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 1–2, ಕಂಚಿನ ಪಂದ್ಯದಲ್ಲಿ ಗ್ರೇಟ್ ಬ್ರಿಟನ್ ಎದುರು 3–4. ಎರಡೂ ಸೋಲುಗಳ ಅಂತರ ಒಂದೊಂದೇ ಗೋಲು. ಐದು ವರ್ಷಗಳ ಹಿಂದೆ ಕೊನೆಯಲ್ಲಿದ್ದ ತಂಡ ಇದು; ಸವಿತಾ, ದೀಪ್ ಗ್ರೇಸ್ ಎಕ್ಕಾ, ಸುಶೀಲಾ ಚಾನು, ವಂದನಾ ಮೊದಲಾದ ಹಲವರು ಎರಡೂ ಕಡೆ ಇದ್ದವರು. ಇದಕ್ಕೂ ಮೊದಲೇ, 2020ರಲ್ಲಿ, ರಾಣಿ ಅವರಿಗೆ ಪದ್ಮಶ್ರೀ ಮತ್ತು ಖೇಲ್ ರತ್ನ ಎರಡೂ ಬಂದಿದ್ದವು.

ಈಗ ನಿಮ್ಮ ಎರಡನೇ ಪ್ರಶ್ನೆ. ಟೋಕಿಯೊದ ನಂತರ ರಾಣಿ ಅವರನ್ನು ಹಿಂಡಿದ್ದು ತೊಡೆಯ ಹಿಂಬದಿಯ ಸ್ನಾಯುವಿನ, ಎಂದರೆ ಹ್ಯಾಮ್‌ಸ್ಟ್ರಿಂಗ್‌ನ ಗಾಯ. ಹಾಕಿ ಆಟಗಾರರಿಗೆ ಇದು ಹೊಸದಲ್ಲ. ನಡು ಬಾಗಿಸಿ, ಮೊಣಕಾಲು ಮಡಚಿ, ಆ ಭಂಗಿಯಲ್ಲೇ ಪೂರ್ಣ ವೇಗಕ್ಕೆ ಏರುವುದು, ತಕ್ಷಣ ನಿಲ್ಲುವುದು, ಮತ್ತೆ ತಿರುಗಿ ಓಡುವುದು: ಈ ಆಟದಲ್ಲಿ ಬೆನ್ನು ಮತ್ತು ತೊಡೆಯ ಹಿಂಬದಿ ಒಟ್ಟೊಟ್ಟಿಗೆ ಬಹಳ ದುಡಿಯುತ್ತವೆ. ಆಟದ ನಡುವೆ ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಲು ಅವಕಾಶವಿರುವುದರಿಂದ ಇಂದಿನ ಫಾರ್ವರ್ಡ್‌ಗಳು ಕೆಲವು ನಿಮಿಷ ಮೈಮುರಿದು ಓಡಿ ಬೆಂಚಿಗೆ ಮರಳುತ್ತಾರೆ, ಉಸಿರು ತಿರುಗಿಸಿಕೊಂಡು ಮತ್ತೆ ಇಳಿಯುತ್ತಾರೆ. ದೇಹಕ್ಕೆ ನಿಧಾನ ಎಂಬುದೇ ಇರುವುದಿಲ್ಲ. ರಾಣಿ 2022ರ ಜೂನ್‌ನಲ್ಲಿ ಪ್ರೊ ಲೀಗ್‌ಗೆ ಮರಳಿ 250ನೇ ಪಂದ್ಯ ಆಡಿದರು, ಆದರೆ ಆ ವರ್ಷದ ವಿಶ್ವಕಪ್‌ಗೂ ಭಾರತ ಕಂಚು ಗೆದ್ದ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಆಯ್ಕೆಯಾಗಲಿಲ್ಲ. 2023ರ ಜನವರಿಯ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಮತ್ತೆ ಆಡಿ ಗೋಲು ಗಳಿಸಿದರೂ ಅವರಿಗೆ ತಂಡದಲ್ಲಿ ಜಾಗ ಉಳಿಯಲಿಲ್ಲ. 2024ರ ಅಕ್ಟೋಬರ್ 24ರಂದು, ದೆಹಲಿಯ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ, 29ನೇ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಹಾಕಿ ಇಂಡಿಯಾ ಅವರ 28ನೇ ಸಂಖ್ಯೆಯ ಜೆರ್ಸಿಯನ್ನು ಅವರೊಂದಿಗೇ ನಿವೃತ್ತಿಗೊಳಿಸಿತು.

ವಯಸ್ಸಿನ ಲೆಕ್ಕದಲ್ಲಿ ಇದು ಬೇಗ. ಆಟದ ಲೆಕ್ಕದಲ್ಲಿ ಅಲ್ಲ. 20ನೇ ವಯಸ್ಸಿಗೆ ದೇಶದ ತಂಡಕ್ಕೆ ಬಂದವರು 33ರವರೆಗೆ ಆಡಿದರೆ ನಾವು ಅದನ್ನು ದೀರ್ಘ ಆಟದ ಬದುಕು ಎನ್ನುತ್ತೇವೆ. ರಾಣಿ ಅಷ್ಟೇ ವರ್ಷಗಳನ್ನು ಟೋಕಿಯೊ ಮುಗಿಯುವ ಹೊತ್ತಿಗೆ ಆಡಿ ಮುಗಿಸಿದ್ದರು. ಅವರು ಬೇಗ ಶುರುಮಾಡಿದ್ದನ್ನು ತಪ್ಪೆಂದು ನಾನು ಹೇಳಲಾರೆ, ಆ ದಾರಿಯಲ್ಲಿ ಮಾತ್ರ ಅವರ ಕುಟುಂಬಕ್ಕೆ ಹೊಟ್ಟೆತುಂಬ ಊಟ ಇತ್ತು. ನಿಮ್ಮ ಮಗಳಿಗೆ ಆ ಅವಸರ ಇಲ್ಲದಿದ್ದರೆ, 14ಕ್ಕೇ ಹಿರಿಯರ ತಂಡ ಎಂಬ ಗುರಿ ಬೇಡ. ಈಗ ಅವಳಿಗೆ ಬೇಕಾದದ್ದು ಚೆಂಡಿನ ಮೇಲಿನ ಹಿಡಿತ, ಎರಡೂ ಕಡೆಯಿಂದ ಚೆಂಡು ಪಡೆಯುವ ಅಭ್ಯಾಸ, ಸಾಕಷ್ಟು ಪೌಷ್ಟಿಕ ಆಹಾರ, ಒಳ್ಳೆಯ ನಿದ್ರೆ. 13–14ರ ಸುಮಾರಿಗೆ, ಬಲ್ಲವರ ಕಣ್ಣೆದುರಿನಲ್ಲಿ, ತೊಡೆ ಮತ್ತು ಸೊಂಟವನ್ನು ಬಲಪಡಿಸುವ ವ್ಯಾಯಾಮ ಸೇರಲಿ. ಬೆನ್ನು ನೋವು ಎಂದರೆ ಆಟದಲ್ಲಿ ಇದೆಲ್ಲ ಸಹಜ ಎಂದು ತಳ್ಳಿಹಾಕಬೇಡಿ. ಒಂದೇ ವಾರದಲ್ಲಿ ಶಾಲೆ, ಕ್ಲಬ್, ವಯೋಮಿತಿ ಟೂರ್ನಿ ಎಂದು ಮೂರು ಕಡೆ ಆಡಿಸುವ ಕೋಚ್ ಇದ್ದರೆ ಬೇಡ ಎನ್ನುವ ಧೈರ್ಯ ಪೋಷಕರಿಗೇ ಇರಬೇಕು.

ಜೀವನೋಪಾಯದ ಮಾತು. ಭಾರತದ ಮಹಿಳಾ ಹಾಕಿ ಆಟಗಾರ್ತಿಯರನ್ನು ಇಷ್ಟು ವರ್ಷ ಸಾಕಿದ್ದು ಬಹುಮಾನದ ಹಣವಲ್ಲ, ಸರ್ಕಾರಿ ಉದ್ಯೋಗ, ಅದರಲ್ಲೂ ರೈಲ್ವೆ. ರಾಣಿ ಕೂಡ ಮೊದಲು ರೈಲ್ವೆಯಲ್ಲಿದ್ದು ನಂತರ ಕ್ರೀಡಾ ಪ್ರಾಧಿಕಾರದಲ್ಲಿ ಸಹಾಯಕ ಕೋಚ್ ಆದರು. ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಷನ್ ಅವರಿಗೆ ನೆರವಾಗಿತ್ತು. ಟೋಕಿಯೊದ ನಾಲ್ಕನೇ ಸ್ಥಾನಕ್ಕೆ ಹರಿಯಾಣ ಸರ್ಕಾರ ತನ್ನ ಒಂಬತ್ತು ಆಟಗಾರ್ತಿಯರಿಗೆ ತಲಾ 50 ಲಕ್ಷ ರೂಪಾಯಿ ಘೋಷಿಸಿತು. 2025ರ ಜನವರಿಯಲ್ಲಿ ಮಹಿಳೆಯರ ಹಾಕಿ ಇಂಡಿಯಾ ಲೀಗ್ ನಾಲ್ಕು ತಂಡಗಳೊಂದಿಗೆ ಆರಂಭವಾಯಿತು. ಅದರ ಹರಾಜಿನಲ್ಲಿ ಉದಿತಾ ಅವರಿಗೆ ಸಿಕ್ಕ 32 ಲಕ್ಷ ರೂಪಾಯಿ ಅತಿ ಹೆಚ್ಚಿನ ಮೊತ್ತ, ಮತ್ತು ರಾಣಿ ಅದೇ ಲೀಗ್‌ನಲ್ಲಿ ಸೂರ್ಮಾ ಕ್ಲಬ್‌ನ ಮಹಿಳಾ ತಂಡದ ಮಾರ್ಗದರ್ಶಕಿಯಾದರು. ಕ್ರಿಕೆಟ್‌ಗೆ ಹೋಲಿಸಿದರೆ ಇದು ಸಣ್ಣ ಮೊತ್ತ. ಅಲ್ಲದೆ ಮಹಿಳಾ ತಂಡ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲಿಲ್ಲ. ರಾಂಚಿಯಲ್ಲಿ ಜಪಾನ್ ಎದುರಿನ 0–1 ಸೋಲಿನೊಂದಿಗೆ ಆ ಬಾಗಿಲು ಮುಚ್ಚಿತು. ತಂಡ ಹಿಂದೆ ಬಿದ್ದಾಗ ಪ್ರಾಯೋಜಕರೂ ಹಿಂದೆ ಸರಿಯುತ್ತಾರೆ ಎಂಬುದನ್ನು ತಿಳಿದೇ ಈ ದಾರಿ ಹಿಡಿಯಬೇಕು.

ಆದ್ದರಿಂದ ಓದನ್ನು ಬಿಡಿಸದೆ ಆಡಿಸಿ. ನಿಮ್ಮ ಜಿಲ್ಲೆಯಲ್ಲಿ ಕೂಡಿಗೆ, ಪೊನ್ನಂಪೇಟೆ, ಮಡಿಕೇರಿಯಂಥ ಕಡೆ ಕ್ರೀಡಾ ಶಾಲೆ, ವಸತಿ ನಿಲಯಗಳಿವೆ. ಪ್ರವೇಶಕ್ಕೆ ಮುನ್ನ ಒಮ್ಮೆ ಹೋಗಿ, ಹುಡುಗಿಯರಿಗೆ ವಾರದಲ್ಲಿ ಎಷ್ಟು ದಿನ ಕೃತಕ ಟರ್ಫ್ ಮೇಲೆ ಆಡಲು ಸಿಗುತ್ತದೆ, ಅವರಿಗೇ ಮೀಸಲಾದ ಕೋಚ್ ಇದ್ದಾರೆಯೆ, ಊಟದಲ್ಲಿ ದಿನವೂ ಹಾಲು, ಮೊಟ್ಟೆ ಇದೆಯೆ, ಗಾಯವಾದರೆ ನೋಡುವ ಫಿಸಿಯೊ ಯಾರು ಎಂದು ವಿಚಾರಿಸಿ. ಮಣ್ಣಿನ ಮೈದಾನದಲ್ಲೇ ಪಳಗಿದ ಮಕ್ಕಳು ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡಿನ ವೇಗಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ತಡವರಿಸುತ್ತಾರೆ, ಆಯ್ಕೆ ಶಿಬಿರದಲ್ಲಿ ಅಷ್ಟು ಕಾಲ ಯಾರೂ ಕಾಯುವುದಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಹೆಣ್ಣುಮಕ್ಕಳೂ ಗಂಡಸರ ಜೊತೆ ಮೈದಾನಕ್ಕೆ ಇಳಿಯುತ್ತಾರಲ್ಲ, ನಿಮ್ಮ ಮನೆತನದ ತಂಡದಲ್ಲಿ ಅವಳಿಗೊಂದು ಜಾಗ ಕೊಡಿಸಿ. ತನಗಿಂತ ದೊಡ್ಡವರ ನಡುವೆ ಚೆಂಡು ಕಾಯ್ದುಕೊಳ್ಳುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ತರಗತಿ ನಿಮ್ಮ ಊರಿನಲ್ಲಿ ಸಿಗಲಾರದು.